ವೀಲುನಾಮೆಯಲ್ಲಿ ವನ್ಯಜೀವಿ ರಕ್ಷಣಾ ಸಂಸ್ಥೆಗೆ ಪಾಲು ಇಡುವುದು ಹೇಗೆ?

ಹೊಳೆಬದಿ (ಪ್ರಶ್ನೆ)

ಚಿಕ್ಕಪ್ಪ-ಚಿಕ್ಕಮ್ಮನ ಪರವಾಗಿ ಕೇಳುವುದು. ಇಬ್ಬರಿಗೂ 70ರ ಆಸುಪಾಸು, ಮಕ್ಕಳಿಲ್ಲ. ಉಡುಪಿ ಹತ್ತಿರ 12 ಸೆಂಟ್ಸ್ ಕನ್ವರ್ಷನ್ ಜಾಗದಲ್ಲಿ ಮನೆ, ಹೆಬ್ರಿ ಕಡೆ 1.40 ಎಕ್ರೆ ಅಡಿಕೆ ತೋಟ, ಹಳೇ ಸಿಂಡಿಕೇಟ್ ಬ್ಯಾಂಕ್, ಕಾರ್ಪೊರೇಶನ್ ಬ್ಯಾಂಕ್ ಕಾಲದಿಂದ ರಿನೀವಲ್ ಆಗುತ್ತಾ ಬಂದ ಎಫ್‌ಡಿಗಳು. ತೋಟ ಚಿಕ್ಕಮ್ಮನಿಗೆ ತಾಯಿಯ ಕಡೆಯಿಂದ ಬಂದದ್ದು, ಅಳಿಯ ಸಂತಾನ ಕಟ್ಟು (ಹೆಣ್ಣಿನ ಕಡೆಯಿಂದ ಆಸ್ತಿ ಇಳಿದು ಬರುವ ಪದ್ಧತಿ). ಮೂಲೆಯಲ್ಲಿ ನಾಗಬನ ಉಂಟು.

ಬಾವಿಗೆ ಬಿದ್ದ ಚಿರತೆ, ಬಲೆಗೆ ಸಿಕ್ಕಿದ ಹೆಬ್ಬಾವು, ಕಡಲಾಮೆ, ಇಂಥದ್ದನ್ನು ನೋಡಿಕೊಳ್ಳುವ ಸಂಸ್ಥೆಗೆ ಒಂದು ಪಾಲು ಹೋಗಬೇಕು ಅಂತ ಇಬ್ಬರಿಗೂ ಆಸೆ. ಇಷ್ಟು ಲಕ್ಷ ಅಂತ ಬರೆಯುವುದಾ, ತೋಟವನ್ನೇ ಕೊಡುವುದಾ? ಎಫ್‌ಡಿಗೆ ಟ್ರಸ್ಟನ್ನೇ ನಾಮಿನಿ ಮಾಡಿದರೆ ಸಾಕಾ? ರಿಜಿಸ್ಟರ್ ಮಾಡಿಸಲೇಬೇಕಾ?

ದಸ್ತಾವೇಜು

ಮೊದಲು ನಿಮಗೇ ಒಂದು ಮಾತು. ಆ ವೀಲಿನಲ್ಲಿ ನಿಮಗೂ ಏನಾದರೂ ಬರುವುದಿದ್ದರೆ ಡ್ರಾಫ್ಟ್ ಬರೆಸಲಿಕ್ಕೆ, ಸಾಕ್ಷಿ ಹುಡುಕಲಿಕ್ಕೆ ನೀವು ಓಡಾಡಬೇಡಿ. ಪಾಲು ಪಡೆಯುವವನೇ ಮುಂದೆ ನಿಂತು ಬರೆಸಿದ ವೀಲನ್ನು ಕೋರ್ಟು ಅನುಮಾನದಿಂದ ನೋಡುತ್ತದೆ. ವೆಂಕಟಾಚಲ ಅಯ್ಯಂಗಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1958ರಲ್ಲಿ ಹೇಳಿದ್ದನ್ನು ಇವತ್ತಿಗೂ ಪ್ರತಿ ವೀಲು ವ್ಯಾಜ್ಯದಲ್ಲಿ ಓದುತ್ತಾರೆ.

ರೂಪದ ಮಟ್ಟಿಗೆ ಕಾನೂನು ಸರಳ. ಭಾರತೀಯ ಉತ್ತರಾಧಿಕಾರ ಕಾಯ್ದೆ 1925ರ 63ನೇ ಕಲಮು: ಬರೆದವರ ಸಹಿ, ಆ ಸಹಿ ಹಾಕುವುದನ್ನು ಕಂಡ ಕನಿಷ್ಠ ಇಬ್ಬರು ಸಾಕ್ಷಿಗಳ ಸಹಿ. ಛಾಪಾ ಕಾಗದ ಬೇಡ, ಬಿಳಿ ಹಾಳೆ ಸಾಕು. ರಿಜಿಸ್ಟ್ರೇಶನ್ ಕಡ್ಡಾಯ ಅಲ್ಲ, ಆದರೆ ನಿಮ್ಮ ಸಂಗತಿಯಲ್ಲಿ ಮಾಡಿಸಿಯೇ ಮಾಡಿಸಿ. ಸಂಬಂಧಿಕರನ್ನು ಬಿಟ್ಟು ಸಂಸ್ಥೆಗೆ ಕೊಡುವಾಗ ತಕರಾರು ಬರುವುದು ಹೆಚ್ಚು. ಬುದ್ಧಿ ಸ್ಥಿಮಿತದಲ್ಲಿದೆ ಅನ್ನುವ ಅದೇ ವಾರದ ಡಾಕ್ಟರ್ ಸರ್ಟಿಫಿಕೇಟ್ ಒಂದು ಜೊತೆಗಿರಲಿ. ರಿಜಿಸ್ಟರ್ ಮಾಡಿದರೆ ಊರಿಗೆಲ್ಲ ಗೊತ್ತಾಗುತ್ತದೆ ಅನ್ನುವ ಹೆದರಿಕೆ ಬೇಡ. ವೀಲುಗಳು ಹೋಗುವುದು ರಿಜಿಸ್ಟ್ರಾರ್ ಕಚೇರಿಯ 3ನೇ ಪುಸ್ತಕಕ್ಕೆ. ಬರೆದವರು ಬದುಕಿರುವಷ್ಟು ಕಾಲ ಅದರ ನಕಲು ಅವರಿಗೆ ಅಥವಾ ಅವರ ಏಜೆಂಟರಿಗೆ ಮಾತ್ರ.

ಸಾಕ್ಷಿಗಳು ಬರೆಯುವವರಿಗಿಂತ ಹದಿನೈದಿಪ್ಪತ್ತು ವರ್ಷ ಚಿಕ್ಕವರಿದ್ದರೆ ಒಳ್ಳೆಯದು. ಮುಂದೆ ವೀಲನ್ನು ರುಜುವಾತು ಮಾಡಲಿಕ್ಕೆ ಒಬ್ಬ ಸಾಕ್ಷಿಯಾದರೂ ಕೋರ್ಟಿಗೆ ಬರಬೇಕಾಗುತ್ತದೆ. ಒಂದೇ ಪ್ರಾಯದ ಗೆಳೆಯರಿಬ್ಬರನ್ನು ಕೂರಿಸಿ ಸಹಿ ಹಾಕಿಸಿದ ವೀಲು ಹೊರಗೆ ಬರುವಾಗ ಸಾಕ್ಷಿಗಳೂ ಹೋಗಿರುತ್ತಾರೆ.

ಗಂಡ-ಹೆಂಡತಿ ಒಂದೇ ಕಾಗದದಲ್ಲಿ ಜಂಟಿ ವೀಲು ಬರೆಯುವುದು ಬೇಡ. ಒಬ್ಬರು ತೀರಿದ ಮೇಲೆ ಇನ್ನೊಬ್ಬರು ಬದಲಾಯಿಸಬಹುದಾ ಇಲ್ಲವಾ ಅನ್ನುವುದೇ ಒಂದು ವ್ಯಾಜ್ಯವಾಗುತ್ತದೆ. ಎರಡು ಬೇರೆ ಬೇರೆ ವೀಲು ಮಾಡಿಸಿ.

ಅಳಿಯ ಸಂತಾನದ ಬಗ್ಗೆ: ಹಿಂದೂ ಉತ್ತರಾಧಿಕಾರ ಕಾಯ್ದೆ 1956ರ 30ನೇ ಕಲಮಿನ ವಿವರಣೆಯಲ್ಲಿ ಕುಟುಂಬ, ಕವರು (ಅಳಿಯ ಸಂತಾನ ಕುಟುಂಬದ ಕವಲು) ಅಂತ ಹೆಸರು ಹೇಳಿಯೇ ಬರೆದಿದ್ದಾರೆ. ಅದರಲ್ಲಿನ ತಮ್ಮ ಹಕ್ಕನ್ನು ವೀಲಿನಲ್ಲಿ ಕೊಡಬಹುದು. ಆದರೆ ಬರೇ ತಮ್ಮ ಹಕ್ಕನ್ನು. ತೋಟ ಪಾಲುಪಟ್ಟಿಯಾಗಿ ಚಿಕ್ಕಮ್ಮನ ಒಬ್ಬರ ಹೆಸರಿಗೆ ಬಂದಿದೆಯಾ, ಅಥವಾ ಆರ್‌ಟಿಸಿಯಲ್ಲಿ ಇನ್ನೂ ಜಂಟಿ ಹೆಸರುಗಳು ಉಂಟಾ ನೋಡಿ. ಜಂಟಿ ಇದ್ದರೆ ಟ್ರಸ್ಟಿಗೆ ಹೋಗುವುದು ತೋಟ ಅಲ್ಲ, ಒಂದು ಪಾಲು ಕೇಸು.

ಓದುವ ಬೇರೆಯವರಿಗಾಗಿ: ಸೋದರಳಿಯ-ಸೊಸೆ ಅಥವಾ ಅವರಿಗಿಂತ ಹತ್ತಿರದ ಬಂಧುಗಳಿರುವ ಕ್ರೈಸ್ತರು ಧರ್ಮಕಾರ್ಯಕ್ಕೆ ಬರೆಯುವ ವೀಲು ಸಾಯುವ 12 ತಿಂಗಳ ಮೊದಲೇ ಆಗಿರಬೇಕು ಎನ್ನುತ್ತಿದ್ದ, ಭಾರತೀಯ ಉತ್ತರಾಧಿಕಾರ ಕಾಯ್ದೆಯ 118ನೇ ಕಲಮನ್ನು ಸುಪ್ರೀಂ ಕೋರ್ಟು 2003ರಲ್ಲಿ, ಜಾನ್ ವಳ್ಳಮಟ್ಟಂ ಪ್ರಕರಣದಲ್ಲಿ ತೆಗೆದುಹಾಕಿದೆ. ಮಂಗಳೂರಿನಲ್ಲಿ ಇನ್ನೂ ಕೆಲವರು ಆ ಹಳೇ ನಿಯಮ ಹೇಳಿ ಹೆದರಿಸುವುದುಂಟು. ಮುಸ್ಲಿಮರಿಗೆ ವಸಿಯತ್ತಿನ ಮಿತಿ ಮೂರನೇ ಒಂದು ಪಾಲು. ಅದಕ್ಕಿಂತ ಹೆಚ್ಚಾದರೆ ವಾರಸುದಾರರ ಒಪ್ಪಿಗೆ ಬೇಕು.

ಹೊಳೆಬದಿ

ಒಳ್ಳೇದಾಯ್ತು. ನನಗೇನೂ ಬರುವುದಿಲ್ಲ, ಆದರೂ ದೂರ ಇರುತ್ತೇನೆ. ಚಿಕ್ಕಪ್ಪನ ಮನಸ್ಸಿನಲ್ಲಿರುವುದು, ತೋಟದಲ್ಲೇ ಪ್ರಾಣಿಗಳನ್ನು ಇಟ್ಟು ಸಾಕುವ ಜಾಗ ಆಗಲಿ ಅಂತ.

ಚಿಪ್ಪುಹಂದಿ

ಅದು ಆಗುವ ಕೆಲಸ ಅಲ್ಲ ಮಾರಾಯ್ರೆ. ವನ್ಯಪ್ರಾಣಿ ಸರ್ಕಾರದ ಸೊತ್ತು. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಕೈಗೆ ಸಿಕ್ಕಿದ್ದನ್ನು 48 ಗಂಟೆಯೊಳಗೆ ಅರಣ್ಯ ಇಲಾಖೆಗೋ ಪೊಲೀಸರಿಗೋ ತಿಳಿಸಬೇಕು. ಇಟ್ಟು ಸಾಕುವ ರಕ್ಷಣಾ ಕೇಂದ್ರಕ್ಕೆ ಕೇಂದ್ರೀಯ ಮೃಗಾಲಯ ಪ್ರಾಧಿಕಾರದ ಮಾನ್ಯತೆ ಬೇಕು. ಜಾಗ ಸಿಕ್ಕಿತು ಅಂತ ಬೇಲಿ ಹಾಕಿ ಶುರು ಮಾಡಿದರೆ ಕೇಸು ಬೀಳುವುದು ಟ್ರಸ್ಟಿನ ಮೇಲೆ. "ಇಲ್ಲಿಯೇ ರಕ್ಷಣಾ ಕೇಂದ್ರ ನಡೆಸತಕ್ಕದ್ದು" ಅಂತ ಷರತ್ತು ಹಾಕಿದರೆ ಟ್ರಸ್ಟಿನವರು ಜಾಗವೇ ಬೇಡ ಅಂದಾರು. ಬೇಡ ಅನ್ನುವ ಹಕ್ಕು ಅವರಿಗುಂಟು.

ಹಣ ಎಲ್ಲಿಗೆ ಹೋಗುತ್ತದೆ ನೋಡಿ. ಬಾವಿಗೆ ಬಿದ್ದ ಚಿರತೆಗೆ ನೀರಿನಲ್ಲಿರುವಾಗ ಅರಿವಳಿಕೆ ಡಾರ್ಟ್ ಹೊಡೆದರೆ ಅದು ಅಲ್ಲೇ ಮುಳುಗುತ್ತದೆ. ಆದ್ದರಿಂದ ಮೊದಲು ಮರದ ದಿಮ್ಮಿ, ಹಲಗೆ ಏನಾದರೂ ಇಳಿಸಿ ಅದಕ್ಕೆ ಹಿಡಿದು ಕೂರಲಿಕ್ಕೆ ಜಾಗ ಮಾಡುತ್ತಾರೆ, ಮತ್ತೆ ಬೋನು ಇಳಿಸುತ್ತಾರೆ. ಅಂದರೆ ಬೋನು, ಹಗ್ಗ, ಜೀಪಿನ ಡೀಸೆಲ್, ರಾತ್ರಿಯಿಡೀ ಕೂರುವ ಜನ. ಬಲೆ ಸುತ್ತಿ ರೆಕ್ಕೆಗಾಲು ಕೊಯ್ದುಕೊಂಡ ಕಡಲಾಮೆಗೆ ಉಪ್ಪುನೀರಿನ ತೊಟ್ಟಿ, ಪಂಪು, ಫಿಲ್ಟರು, ವಾರಗಟ್ಟಲೆ ಮೀನು. ಎಕ್ಸ್‌ರೇ, ಔಷಧಿ, ಕರೆಂಟ್ ಬಿಲ್ಲು, ವೆಟರಿನರಿ ಡಾಕ್ಟರ ಸಂಬಳ. ಎಲ್ಲವೂ ತಿಂಗಳು ತಿಂಗಳು ಬರುವ ಖರ್ಚು. ದಾನಿಗಳಿಗೆ ಮಾತ್ರ ಆಂಬುಲೆನ್ಸ್ ಮೇಲೆ ಹೆಸರು ಬರೆಸುವುದೇ ಇಷ್ಟ. "ಆಂಬುಲೆನ್ಸ್ ಖರೀದಿಗೆ ಮಾತ್ರ" ಅಂತ ವೀಲು ಬರೆದರೆ, ಮೂರು ಆಂಬುಲೆನ್ಸ್ ಇದ್ದು ಡ್ರೈವರಿಗೆ ಸಂಬಳ ಇಲ್ಲದ ಸಂಸ್ಥೆಗೂ ನಾಲ್ಕನೆಯದ್ದೇ ಸಿಗುವುದು.

ಸಂಸ್ಥೆಯನ್ನು ಆರಿಸುವಾಗ ಫೇಸ್‌ಬುಕ್ ವೀಡಿಯೊ ನೋಡಿ ತೀರ್ಮಾನ ಮಾಡಬೇಡಿ. ಟ್ರಸ್ಟ್ ಡೀಡ್ ಅಥವಾ ಸೊಸೈಟಿ ನೋಂದಣಿ ಸಂಖ್ಯೆ, ಪ್ಯಾನ್, ಆದಾಯ ತೆರಿಗೆಯ 12ಎಬಿ (ಟ್ರಸ್ಟಿನ ಆದಾಯಕ್ಕೆ ವಿನಾಯಿತಿ) ಮತ್ತು 80ಜಿ (ದಾನಿಗೆ ವಿನಾಯಿತಿ) ಆದೇಶ, ಕಳೆದ ಮೂರು ವರ್ಷದ ಆಡಿಟ್, ಅರಣ್ಯ ಇಲಾಖೆಯ ಅನುಮತಿ ಪತ್ರ, ಇಷ್ಟನ್ನು ಕೇಳಿ ಪಡೆಯಿರಿ. ಕೇಳಿದ್ದಕ್ಕೆ ಬೇಜಾರು ಮಾಡಿಕೊಳ್ಳುವ ಸಂಸ್ಥೆ ಬೇಡ. ನಮ್ಮಲ್ಲಿ ಹಾವು ಹಿಡಿಯುವವರು, ಹಕ್ಕಿ ನೋಡಿಕೊಳ್ಳುವವರು ತುಂಬ ಜನ ಒಂಟಿಯಾಗಿ ಕೆಲಸ ಮಾಡುತ್ತಾರೆ, ಸಂಸ್ಥೆ ಅಂತ ಕಾಗದವೇ ಇಲ್ಲ. ಅವರಿಗೆ ಬರೆದರೆ ಅದು ಆ ವ್ಯಕ್ತಿಯ ಸ್ವಂತ ಹಣ. ಅದು ತಪ್ಪಲ್ಲ, ಆದರೆ ಗೊತ್ತಿದ್ದು ಬರೆಯಬೇಕು.

ದಸ್ತಾವೇಜು

ಚಿಪ್ಪುಹಂದಿ ಹೇಳಿದ್ದು ಹೌದು. ತೋಟದ ಬಗ್ಗೆ ಇನ್ನೂ ಮೂರು ಸಂಗತಿ. ಟ್ರಸ್ಟು ಕೃಷಿ ಜಮೀನು ಹೊಂದಲಿಕ್ಕೆ ಅಡ್ಡ ಬರುತ್ತಿದ್ದ ಭೂಸುಧಾರಣಾ ಕಾಯ್ದೆಯ 79ಬಿ ಕಲಮು 2020ರ ತಿದ್ದುಪಡಿಯಲ್ಲಿ ಹೋಗಿದೆ. ಆದರೆ ಜಾಗ ಸರ್ಕಾರದಿಂದ ಮಂಜೂರಾದ ದರ್ಖಾಸ್ತಿನದ್ದೋ ಅಕ್ರಮ-ಸಕ್ರಮದ್ದೋ ಆದರೆ ಮಂಜೂರಾತಿ ಪತ್ರದ ಪರಭಾರೆ ಷರತ್ತು ಓದಿ. ಡಿಕ್ಲರೇಶನ್‌ನಲ್ಲಿ (ಭೂಸುಧಾರಣೆಯಲ್ಲಿ ಗೇಣಿದಾರರಿಗೆ) ಬಂದದ್ದಾದರೆ ಟ್ರಿಬ್ಯೂನಲ್ ಆದೇಶವನ್ನು ವಕೀಲರಿಗೆ ತೋರಿಸದೆ ಮುಂದೆ ಹೋಗಬೇಡಿ. ಎರಡನೆಯದು ಕುಮ್ಕಿ. ತೋಟಕ್ಕೆ ತಾಗಿ ಇಷ್ಟು ವರ್ಷ ಸೊಪ್ಪು ತಂದ ಗುಡ್ಡ "ನಮ್ಮದೇ" ಅಂತ ವೀಲಿನ ಷೆಡ್ಯೂಲಿಗೆ ಸೇರಿಸುತ್ತಾರೆ. ಅದು ಸರ್ಕಾರಿ ಜಾಗ, ಇದ್ದದ್ದು ಅನುಭೋಗದ ಸವಲತ್ತು ಮಾತ್ರ. ವೀಲಿನಲ್ಲಿ ಕೊಡಲಿಕ್ಕೆ ಬರುವುದಿಲ್ಲ. ಮೂರನೆಯದು ನಾಗಬನ. ಕುಟುಂಬದವರು ಪಂಚಮಿಗೆ ತನು (ನಾಗನಿಗೆ ಹಾಲು) ಹಾಕಲಿಕ್ಕೆ ಬರುವ ಜಾಗವನ್ನು ಟ್ರಸ್ಟಿಗೆ ಬರೆದರೆ ಇಬ್ಬರಿಗೂ ತಲೆನೋವು. ಬನ ಮತ್ತು ಅದಕ್ಕೆ ಹೋಗುವ ದಾರಿಯನ್ನು ಅಳತೆ ಮಾಡಿಸಿ, ಪೋಡಿ (ಸರ್ವೆ ನಂಬ್ರ ಬೇರೆ) ಮಾಡಿಸಿ, ಬೇರೆ ಇಡಿ. ಇದು ಬದುಕಿರುವಾಗಲೇ ಆಗಬೇಕಾದ ಕೆಲಸ.

ಕುಡ್ಲ ಲೆಕ್ಕ

ಹಣದ ಕಡೆಯಿಂದ ನಾನು ಹೇಳುತ್ತೇನೆ. ಟ್ರಸ್ಟಿಗೆ 10 ಲಕ್ಷ, ತಂಗಿಗೆ 10 ಲಕ್ಷ ಅಂತ ಬರೆದಿದ್ದಾರೆ ಅಂದುಕೊಳ್ಳಿ. ಬರೆಯುವಾಗ 20 ಇತ್ತು; ಆಸ್ಪತ್ರೆ ಎಲ್ಲ ಮುಗಿದು ಉಳಿದದ್ದು 12. ಇಬ್ಬರಿಗೂ ಸಮವಾಗಿ ಕಡಿತ, ತಲಾ 6. ಅದೇ "ತಂಗಿಗೆ 10, ಉಳಿದದ್ದು ಟ್ರಸ್ಟಿಗೆ" ಅಂತ ಇದ್ದರೆ ಟ್ರಸ್ಟಿಗೆ 2. "ಸಾಲ, ಖರ್ಚು ಕಳೆದು ಉಳಿದದ್ದರಲ್ಲಿ ಇಬ್ಬರಿಗೂ ಶೇ. 50" ಅಂದರೆ ಹೆಚ್ಚಾದರೂ ಕಡಿಮೆಯಾದರೂ ಪ್ರಮಾಣ ಕೆಡುವುದಿಲ್ಲ. ನನ್ನ ಮತ ಶೇಕಡಾ ಲೆಕ್ಕಕ್ಕೇ.

ಎಲ್ಲಕ್ಕಿಂತ ಅಪಾಯ ಎಫ್‌ಡಿ ನಂಬ್ರ ಬರೆಯುವುದು. "ಇಂಥ ನಂಬ್ರದ ಠೇವಣಿ ಟ್ರಸ್ಟಿಗೆ" ಅಂತ ಬರೆದು, ಆ ಠೇವಣಿ ಮುರಿದು ಬೇರೆ ಕಡೆ ಹಾಕಿದರೆ ಆ ದಾನವೇ ಇಲ್ಲದಾಗುತ್ತದೆ. ನಮ್ಮೂರಲ್ಲಿ ಬ್ಯಾಂಕ್ ಹೆಸರಿನ ಗೊಂದಲ ಬೇರೆ: ವಿಜಯಾ 2019ರ ಏಪ್ರಿಲ್‌ನಲ್ಲಿ ಬ್ಯಾಂಕ್ ಆಫ್ ಬರೋಡಾಕ್ಕೆ ಸೇರಿತು, ಸಿಂಡಿಕೇಟ್ ಕೆನರಾಕ್ಕೆ, ಕಾರ್ಪೊರೇಶನ್ ಯೂನಿಯನ್ ಬ್ಯಾಂಕಿಗೆ 2020ರ ಏಪ್ರಿಲ್‌ನಲ್ಲಿ. ವಿಲೀನದಿಂದ ಮಾತ್ರ ದಾನ ಬೀಳುವುದಿಲ್ಲ, ಆದರೆ ಹಳೇ ರಶೀದಿಗೂ ಹೊಸ ಖಾತೆಗೂ ಕೊಂಡಿ ಹುಡುಕುವುದು ಎಕ್ಸಿಕ್ಯೂಟರನ (ವೀಲನ್ನು ಜಾರಿ ಮಾಡುವ ನಿರ್ವಾಹಕನ) ತಲೆಗೆ. ಹಳೆಯ ವೀಲು ಇದ್ದರೆ ಈಗಲೇ ಬದಲಾಯಿಸಿ.

ನಾಮಿನಿ ಪ್ರಶ್ನೆಗೆ: ಬ್ಯಾಂಕ್ ಠೇವಣಿಗೆ ನಾಮಿನಿ ವ್ಯಕ್ತಿಯೇ ಆಗಬೇಕು, ಟ್ರಸ್ಟು ಆಗುವುದಿಲ್ಲ. ಮತ್ತೆ ನಾಮಿನಿ ಹಣ ಪಡೆದು ಕೊಡುವವನು ಅಷ್ಟೇ, ಮಾಲಕ ಅಲ್ಲ. ಷೇರು, ಮ್ಯೂಚುವಲ್ ಫಂಡಿಗೂ ಇದೇ ಮಾತು ಅಂತ ಸುಪ್ರೀಂ ಕೋರ್ಟು 2023ರ ಡಿಸೆಂಬರಿನಲ್ಲಿ ಶಕ್ತಿ ಯಜ್ದಾನಿ ಪ್ರಕರಣದಲ್ಲಿ ಖಚಿತ ಮಾಡಿದೆ. ಎಕ್ಸಿಕ್ಯೂಟರನನ್ನೇ ನಾಮಿನಿ ಮಾಡಿದರೆ ಕೆಲಸ ಹಗುರ. ಟ್ರಸ್ಟನ್ನೇ ಎಕ್ಸಿಕ್ಯೂಟರ್ ಮಾಡುವವರಿದ್ದಾರೆ, ಬೇಡ. ಪ್ರೊಬೇಟ್ (ವೀಲು ಸರಿ ಅಂತ ಕೋರ್ಟು ಕೊಡುವ ಪ್ರಮಾಣಪತ್ರ) ಬೇಕಾದಾಗ ವ್ಯಕ್ತಿಗಳ ಸಂಘಕ್ಕೆ ಅದು ಸಿಗುವುದಿಲ್ಲ. ಇಲ್ಲಿ ಹಿಂದೂಗಳ, ಕ್ರೈಸ್ತರ ವೀಲಿಗೆ ಪ್ರೊಬೇಟ್ ಕಡ್ಡಾಯ ಅಲ್ಲ, ಆದರೂ ತಕರಾರು ಇದ್ದಾಗ ಬ್ಯಾಂಕಿನವರು ಕೇಳುತ್ತಾರೆ.

ತೆರಿಗೆ: ಎಸ್ಟೇಟ್ ಡ್ಯೂಟಿ (ತೀರಿದವರ ಆಸ್ತಿಯ ಮೇಲಿನ ತೆರಿಗೆ) 1985ರಲ್ಲೇ ಹೋಯಿತು. ವೀಲಿನಲ್ಲಿ ಕೊಟ್ಟದ್ದಕ್ಕೆ 80ಜಿ ವಿನಾಯಿತಿ ಇಲ್ಲ, ಅದು ಬದುಕಿರುವಾಗ ಕೊಟ್ಟದ್ದಕ್ಕೆ ಮಾತ್ರ. ಮನೆಯನ್ನು ಎಕ್ಸಿಕ್ಯೂಟರ್ ಮಾರಿ ಹಣ ಕೊಟ್ಟರೆ ಬಂಡವಾಳ ಲಾಭದ ತೆರಿಗೆ ಎಸ್ಟೇಟಿನ ಮೇಲೆ. ಮನೆಯನ್ನೇ ಟ್ರಸ್ಟಿಗೆ ಕೊಟ್ಟು, 12ಎಬಿ ಇರುವ ಟ್ರಸ್ಟು ಷರತ್ತು ಪಾಲಿಸಿ ಮಾರಿದರೆ ಅದನ್ನು ಉಳಿಸಬಹುದು. ಎರಡೂ ದಾರಿಯ ಅಧಿಕಾರ ಎಕ್ಸಿಕ್ಯೂಟರನಿಗೆ ಇರಲಿ.

ಗಲ್ಫಿನವರು ಕೇಳುವುದುಂಟು: ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡ ಎನ್‌ಆರ್‌ಐ ತನ್ನ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟದ್ದು ವಿದೇಶಿ ದೇಣಿಗೆ ಅಲ್ಲ. ಅಮೆರಿಕದ ಪೌರತ್ವ ಪಡೆದು ಒಸಿಐ ಕಾರ್ಡ್ ಇರುವವರು ರೂಪಾಯಿಯಲ್ಲೇ ಕೊಟ್ಟರೂ ವಿದೇಶಿ ದೇಣಿಗೆ. ಆಗ ಸಂಸ್ಥೆಗೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಇರಬೇಕು.

ಹೊಳೆಬದಿ

ಕಲಮು ಹೇಗೆ ಬರೆಯುವುದು ಅಂತ ಒಂದು ಮಾದರಿ ಕೊಡ್ತೀರಾ? ಮತ್ತೆ ಸಾಕ್ಷಿಗೆ ಆ ಟ್ರಸ್ಟಿನವರನ್ನೇ ಕರೆದರೆ ಆಗ್ತದಾ?

ದಸ್ತಾವೇಜು

ಸಾಕ್ಷಿಗೆ ಅವರು ಬೇಡ. ಸಾಕ್ಷಿಗೆ ಕೊಟ್ಟ ದಾನ ಶೂನ್ಯ ಅನ್ನುವ, ಭಾರತೀಯ ಉತ್ತರಾಧಿಕಾರ ಕಾಯ್ದೆಯ 67ನೇ ಕಲಮು ಹಿಂದೂಗಳಿಗೆ ಅನ್ವಯ ಆಗುವುದಿಲ್ಲ, ಆದರೆ ಎದುರು ವಕೀಲರಿಗೆ ಅಷ್ಟು ಸಾಕು.

ಮಾದರಿ ಇದು, ವಕೀಲರಿಂದ ನೋಡಿಸಿಕೊಳ್ಳಿ:

"ನನ್ನ ಸಾಲ, ಚಿಕಿತ್ಸೆಯ ಹಾಗೂ ಉತ್ತರಕ್ರಿಯೆಯ ಖರ್ಚು, ಮೇಲಿನ ಕಲಮುಗಳ ಪ್ರಕಾರ ಕೊಡತಕ್ಕದ್ದು ಇವೆಲ್ಲ ಕಳೆದು ಉಳಿದ ನನ್ನ ಸಮಸ್ತ ಸ್ಥಿರ-ಚರ ಸೊತ್ತಿನ ಶೇ. ___ ಭಾಗವನ್ನು ___ ಎಂಬ ಸಂಸ್ಥೆಗೆ (ನೋಂದಣಿ ಸಂಖ್ಯೆ ___, ಪ್ಯಾನ್ ___, ನೋಂದಾಯಿತ ವಿಳಾಸ ___) ಅದರ ಸಾಮಾನ್ಯ ಉದ್ದೇಶಗಳಿಗಾಗಿ ಕೊಡತಕ್ಕದ್ದು. ಗಾಯಗೊಂಡ ವನ್ಯಜೀವಿಗಳ ಚಿಕಿತ್ಸೆಗೆ ಇದನ್ನು ಬಳಸಲಿ ಎಂಬುದು ನನ್ನ ಅಪೇಕ್ಷೆ, ಷರತ್ತಲ್ಲ. ನನ್ನ ಮರಣಕಾಲಕ್ಕೆ ಸದರಿ ಸಂಸ್ಥೆಯು ಬೇರೊಂದರಲ್ಲಿ ವಿಲೀನವಾಗಿದ್ದರೆ ಆ ಸಂಸ್ಥೆಗೂ, ಇಲ್ಲವಾಗಿದ್ದರೆ ಅದೇ ಬಗೆಯ ಕೆಲಸ ಮಾಡುವ, ನನ್ನ ನಿರ್ವಾಹಕರು ಆರಿಸುವ ನೋಂದಾಯಿತ ಸಂಸ್ಥೆಗೂ ಕೊಡತಕ್ಕದ್ದು. ಸಂಸ್ಥೆಯ ಅಧಿಕೃತ ಪದಾಧಿಕಾರಿಯ ರಶೀದಿಯಿಂದ ನಿರ್ವಾಹಕರ ಹೊಣೆ ತೀರತಕ್ಕದ್ದು."

ಕೊನೆಯ ಎರಡು ವಾಕ್ಯ ಬಿಡಬೇಡಿ. ಮತ್ತೆ "ಪ್ರಾಣಿಗಳ ಸೇವೆಗೆ", "ಧರ್ಮಕ್ಕೆ" ಅಂತ ಮೋಘಮ್ ಆಗಿ ನಿಲ್ಲಿಸಬೇಡಿ. ಬರೇ "ಧರ್ಮ"ಕ್ಕೆ ಅಂತ ಕೊಟ್ಟದ್ದು ಅಸ್ಪಷ್ಟ, ಊರ್ಜಿತವಲ್ಲ ಅಂತ ಪ್ರಿವಿ ಕೌನ್ಸಿಲ್ 1899ರಲ್ಲೇ ತೀರ್ಪು ಕೊಟ್ಟಿದೆ.

ಚಿಪ್ಪುಹಂದಿ

ಬರೆದದ್ದನ್ನು ಸಂಸ್ಥೆಗೆ ಮೊದಲೇ ತಿಳಿಸಿ, ಒಂದು ಪತ್ರ ಸಾಕು. ಗೊತ್ತಿಲ್ಲದೆ ಹೋದ ದಾನವನ್ನು ಕೇಳಿಕೊಂಡು ಬರುವವರಿಲ್ಲ.

ಕುಡ್ಲ ಲೆಕ್ಕ

ತಿಳಿಸಿ, ಆದರೆ ಮೊತ್ತ ಹೇಳಬೇಡಿ. ವೀಲು ಯಾವಾಗ ಬೇಕಾದರೂ ಬದಲಾಗಬಹುದು, ಅವರು ಅದನ್ನು ನಂಬಿ ಕಟ್ಟಡ ಎತ್ತಬಾರದಲ್ಲ.

ಇನ್ನೊಂದು, ಒಬ್ಬರದ್ದೇ ಹೆಸರಿನ ಲಾಕರಿನಲ್ಲಿ ವೀಲಿನ ಮೂಲ ಪ್ರತಿ ಇಡಬೇಡಿ. ಲಾಕರ್ ತೆರೆಯಲಿಕ್ಕೆ ಬ್ಯಾಂಕಿನವರು ವೀಲು ಕೇಳುತ್ತಾರೆ, ವೀಲು ಇರುವುದು ಲಾಕರಿನೊಳಗೆ. ಮನೆಯಲ್ಲಿ ಇಡಲಿಕ್ಕೆ ಧೈರ್ಯ ಇಲ್ಲದಿದ್ದರೆ ಮೊಹರು ಹಾಕಿದ ಲಕೋಟೆಯಲ್ಲಿ ಜಿಲ್ಲಾ ರಿಜಿಸ್ಟ್ರಾರರ ಹತ್ತಿರ ಠೇವಣಿ ಇಡುವ ವ್ಯವಸ್ಥೆ ಉಂಟು. ಆ ರಶೀದಿ ಎಕ್ಸಿಕ್ಯೂಟರನ ಕೈಯಲ್ಲಿರಲಿ.