ಒಂದೇ ಮಾಸ್, ಎರಡು ಪೀಕ್, ಲೈಬ್ರರಿ ಎರಡಕ್ಕೂ ವೈಟೆಕ್ಸಿನ್ ಅನ್ನುತ್ತಿದೆ

ಎಲೆಕಷಾಯ:
ಮೂರು ದಿನದಿಂದ ತಲೆ ಕೆಟ್ಟುಹೋಗಿದೆ. ಹಾಥಾರ್ನ್ ಅನ್ನೋ ಔಷಧಿ ಗಿಡದ ಎಲೆಯ ಸ್ಯಾಂಪಲ್, ಎಲ್‌ಸಿ-ಎಂಎಸ್‌ನಲ್ಲಿ (ಕಾಲಂನಲ್ಲಿ ಬೇರ್ಪಡಿಸಿ ಅಣುವಿನ ಮಾಸ್ ಅಳೆಯುವ ಯಂತ್ರ) ಓಡಿಸಿದೆ. ಕ್ರೊಮ್ಯಾಟೋಗ್ರಾಂನಲ್ಲಿ (ಯಾವುದು ಯಾವಾಗ ಹೊರಬಂತು ಅನ್ನೋ ಗ್ರಾಫ್) ಮಾಸ್ 431 ಮಾತ್ರ ತೆಗೆದು ನೋಡಿದರೆ ಅಕ್ಕಪಕ್ಕ ಎರಡು ಪೀಕ್. ಅಣುವನ್ನು ಒಡೆದರೆ ಎರಡರಲ್ಲೂ ಅದೇ ತುಂಡುಗಳು. ಗೊತ್ತಿರುವ ಅಣುಗಳ ಲೈಬ್ರರಿಗೆ ಕೊಟ್ಟರೆ ಎರಡಕ್ಕೂ ವೈಟೆಕ್ಸಿನ್ (ಫ್ಲೇವೋನ್ ಜಾತಿಯ ಸಸ್ಯ ಸಂಯುಕ್ತ) ಅನ್ನುತ್ತದೆ, ಸ್ಕೋರ್ ತೊಂಬತ್ತರ ಮೇಲೆ. ಮೆಥಡ್ ಎಲ್ಲ ಮಾಮೂಲಿ, ಏನೂ ಬದಲಿಸಿಲ್ಲ. ಒಂದು ವೈಟೆಕ್ಸಿನ್, ಇನ್ನೊಂದು ಅದರ ಜೋಡಿ ಐಸೋವೈಟೆಕ್ಸಿನ್ ಅಂತ ಬರೆದುಬಿಡಲಾ? ಯಾವುದು ಯಾವುದು? ಬೇಗ ಹೇಳಿ, ಗುರುವಾರ ರಿಪೋರ್ಟ್ ಕೊಡಬೇಕು.

ಪೀಕ್‌ಪುರಾಣ:
ಮಾಮೂಲಿ ಅಂದರೆ ನಿಮ್ಮ ಮಾಮೂಲೋ ನಮ್ಮದೋ? ಕಾಲಂ ಯಾವುದು, ಎಷ್ಟು ಇಂಜೆಕ್ಟ್ ಮಾಡಿದಿರಿ, ಸ್ಯಾಂಪಲ್ ಯಾವುದರಲ್ಲಿದೆ?

ಎಲೆಕಷಾಯ:
ಸಿ18. ನೀರು, ಅಸಿಟೋನೈಟ್ರೈಲ್, 0.1% ಫಾರ್ಮಿಕ್ ಆಸಿಡ್. ನೆಗೆಟಿವ್ ಮೋಡ್. 10 ಮೈಕ್ರೋಲೀಟರ್. ಮೆಥನಾಲ್‌ನಲ್ಲಿದೆ.

ಪೀಕ್‌ಪುರಾಣ:
ಅಂದುಕೊಂಡೆ! ಗ್ರೇಡಿಯೆಂಟ್ (ನೀರಿನಿಂದ ಅಸಿಟೋನೈಟ್ರೈಲ್ ಕಡೆ ಮೆಲ್ಲಗೆ ಬದಲಿಸೋದು) ಶುರುವಾಗುವಾಗ ಹೆಚ್ಚುಕಮ್ಮಿ ಬರೀ ನೀರು. ಅದರೊಳಗೆ 10 ಮೈಕ್ರೋಲೀಟರ್ ಶುದ್ಧ ಮೆಥನಾಲ್ ಸುರಿದರೆ ಅರ್ಧ ಸ್ಯಾಂಪಲ್ ಕಾಲಂಗೆ ಅಂಟದೆ ಮುಂದೆ ಓಡುತ್ತದೆ, ಇನ್ನರ್ಧ ಹಿಂದೆ ಉಳಿಯುತ್ತದೆ. ಇದು ಒಂದೇ ಪೀಕ್, ಸೀಳಿದೆ ಅಷ್ಟೇ. 1 ಮೈಕ್ರೋಲೀಟರ್ ಹಾಕಿ ನೋಡಿ.

ಲಕ್ಷರೆಸಲ್ಯೂಷನ್:
ಮಷೀನ್ ಯಾವುದು? ಕಮ್ಮಿ ರೆಸಲ್ಯೂಷನ್‌ನ ಟ್ರಿಪಲ್ ಕ್ವಾಡ್ ಆಗಿದ್ದರೆ ಬಿಟ್ಟುಬಿಡಿ, ಅದರಲ್ಲಿ ಆಗೋ ಕೆಲಸ ಅಲ್ಲ. ನಮ್ಮ ಆರ್ಬಿಟ್ರ್ಯಾಪ್‌ನಲ್ಲಿ ರೆಸಲ್ಯೂಷನ್ (ಹತ್ತಿರದ ಮಾಸ್‌ಗಳನ್ನು ಬಿಡಿಸುವ ಶಕ್ತಿ) 1,40,000 ಇಟ್ಟು ಓಡಿಸಿದರೆ ಎಲ್ಲ ಬಿಡಿಸಿದ ಹಾಗೆ ಕಾಣುತ್ತದೆ.

ಹಳೇಕಾಲಂ:
ಏನು ಕಾಣುತ್ತದೆ ಸ್ವಾಮಿ? ಎರಡೂ ಎಪಿಜೆನಿನ್ ಅನ್ನೋ ಫ್ಲೇವೋನ್ ಮೇಲೆ ಒಂದು ಗ್ಲೂಕೋಸ್. ಎರಡೂ 431.0984. ತಕ್ಕಡಿ ಎಷ್ಟೇ ಸೂಕ್ಷ್ಮ ಇರಲಿ, ಸಕ್ಕರೆ ಎಡಗೈಲಿದೆಯೋ ಬಲಗೈಲಿದೆಯೋ ಅಂತ ಅದು ಹೇಳಲ್ಲ.

ಲಕ್ಷರೆಸಲ್ಯೂಷನ್:
ನಾನು ಐಸೋಬಾರ್ (ಫಾರ್ಮುಲಾ ಬೇರೆ, ಮಾಸ್ ಹತ್ತಿರ ಹತ್ತಿರ) ಬಗ್ಗೆ ಹೇಳಿದ್ದು.

ಹಳೇಕಾಲಂ:
ಕೇಳಿದ್ದು ಐಸೋಮರ್ ಬಗ್ಗೆ, ಫಾರ್ಮುಲಾ ಒಂದೇ, ಜೋಡಣೆ ಬೇರೆ. ಫಾರ್ಮುಲಾ ಬೇರೆ ಇದ್ದರೆ ತಾನೇ ರೆಸಲ್ಯೂಷನ್ ಕೈ ಹಿಡಿಯೋದು.

ಲಕ್ಷರೆಸಲ್ಯೂಷನ್:
ಸುಮ್ನೆ ಪದ ಹಿಡಿದು ಜಗ್ಗಬೇಡಿ. ಐಸೋಬಾರ್ ಅಂತ ಎಲ್ಲರೂ ಸಡಿಲವಾಗಿ ಬಳಸುತ್ತಾರೆ.

ಎಲೆಕಷಾಯ:
1 ಮೈಕ್ರೋಲೀಟರ್ ಹಾಕಿದೆ. ಈಗಲೂ ಎರಡು ಪೀಕ್.

ಪೀಕ್‌ಪುರಾಣ:
ಸ್ಯಾಂಪಲ್ಲನ್ನು ಮೊಬೈಲ್ ಫೇಸ್‌ನಲ್ಲೇ ಕರಗಿಸಿ. ಆಮೇಲೆ ಕಾಲಂ ಬಾಯಲ್ಲಿ ಪ್ಯಾಕಿಂಗ್ ಕುಸಿದಿರಬಹುದು, ಬೇರೆ ಹಾಕಿ. ನಮ್ಮಲ್ಲಿ ಹೀಗೇ ಆಗಿತ್ತು.

ಎಲೆಕಷಾಯ:
ಕರಗಿಸಿದ್ದೂ ಆಯ್ತು, ಕಾಲಂ ಬದಲಿಸಿದ್ದೂ ಆಯ್ತು. ಒಂದಿಡೀ ದಿನ ಹೋಯ್ತು. ಎರಡು ಪೀಕ್!

ಹಳೇಕಾಲಂ:
ಕಾಲಂ ಬಿಡಿ. ತುಂಡುಗಳು "ಅದೇ" ಅಂದಿರಲ್ಲ, ಎತ್ತರ ಎಷ್ಟೆಷ್ಟು? ಒಂದೇ ಪೀಕ್ ಸೀಳಿದ್ದರೆ ಎರಡು ಕಡೆಯೂ ಅನುಪಾತ ಒಂದೇ ಇರಬೇಕು.

ಎಲೆಕಷಾಯ:
ಮೊದಲನೆಯದು: 311 ನೂರು, 341 ಎಂಟು.
ಎರಡನೆಯದು: 311 ನೂರು, 341 ನಲವತ್ತೈದು. 413 ಕೂಡ ಚೂರು ಇದೆ.
ನಾನು ನಂಬರ್ ಮಾತ್ರ ನೋಡಿದ್ದೆ, ಎತ್ತರ ನೋಡಿರಲಿಲ್ಲ.

ಹಳೇಕಾಲಂ:
ಉತ್ತರ ಅಲ್ಲೇ ಇದೆ. ಸಕ್ಕರೆ ಆಮ್ಲಜನಕದ ಮೂಲಕ ಅಂಟಿದ್ದರೆ 162 ಇಡಿಯಾಗಿ ಕಳಚಿ 269 ಬರುತ್ತಿತ್ತು. ನಿಮ್ಮದು ಕಾರ್ಬನ್‌ಗೆ ನೇರ ಕಚ್ಚಿಕೊಂಡ ಸಕ್ಕರೆ, ಸುಲಭಕ್ಕೆ ಬಿಡಲ್ಲ. ಅದಕ್ಕೇ ಸಕ್ಕರೆಯ ಉಂಗುರವೇ ಮುರಿಯುತ್ತದೆ. 120 ಹೋದರೆ 311, 90 ಹೋದರೆ 341. ಸಕ್ಕರೆ 8ನೇ ಜಾಗದಲ್ಲಿದ್ದರೆ 341 ಬಡಕಲು, ಅದು ವೈಟೆಕ್ಸಿನ್. 6ರಲ್ಲಿದ್ದರೆ 341 ಎದ್ದು ನಿಲ್ಲುತ್ತದೆ, ನೀರು ಹೋಗಿ 413 ಕೂಡ ಇಣುಕುತ್ತದೆ, ಅದು ಐಸೋ. ಸಿ18ನಲ್ಲಿ ಸಾಮಾನ್ಯವಾಗಿ ವೈಟೆಕ್ಸಿನ್ ಮೊದಲು ಬರುತ್ತದೆ, ಅದೂ ಹೊಂದುತ್ತದೆ. ಆದರೆ ಕೊಲಿಷನ್ ಎನರ್ಜಿ (ಅಣು ಒಡೆಯೋ ಹೊಡೆತದ ಜೋರು) ಬದಲಿಸಿದರೆ ಈ ಅನುಪಾತವೂ ಬದಲಾಗುತ್ತದೆ. ಎರಡರ ಶುದ್ಧ ಸ್ಟ್ಯಾಂಡರ್ಡ್ ಅದೇ ದಿನ, ಅದೇ ಮೆಥಡ್‌ನಲ್ಲಿ ಓಡಿಸದೆ ಹೆಸರು ಬರೆಯಬೇಡಿ. ಯುವಿ ನೋಡೋಕೆ ಹೋಗಬೇಡಿ, ಎರಡೂ 270, 336 ನ್ಯಾನೋಮೀಟರ್ ಆಸುಪಾಸಿನಲ್ಲೇ ಇರುತ್ತವೆ.

ಎಲೆಕಷಾಯ:
ದೇವರು ನೀವು! ಸ್ಟ್ಯಾಂಡರ್ಡ್ ಇವೆ, ಓಡಿಸುತ್ತೇನೆ. ಹಾಗಾದರೆ ಎಲೆಯಲ್ಲಿ ಎರಡೂ ಹೆಚ್ಚುಕಮ್ಮಿ ಸಮ ಇವೆ ಅಂತ ಬರೆಯಬಹುದು ಅಲ್ವಾ?

ಹಳೇಕಾಲಂ:
ತಡೀರಿ. ಹಾಥಾರ್ನ್ ಎಲೆ ಅಂದಿರಿ. ಅದರಲ್ಲಿ ವೈಟೆಕ್ಸಿನ್ ರ್‍ಯಾಮ್ನೋಸೈಡ್ ದಂಡಿಯಾಗಿರಬೇಕು, ವೈಟೆಕ್ಸಿನ್ ಮೇಲೆ ಇನ್ನೊಂದು ಸಕ್ಕರೆ, ಮಾಸ್ 577, ಒಡೆದರೆ 413 ಮತ್ತು 293. ನೀವು ಅದರ ಸುದ್ದಿಯೇ ಎತ್ತಿಲ್ಲ.

ಎಲೆಕಷಾಯ:
ಓ ಅದಾ, ಅದು ಇರಲ್ಲ. ರ್‍ಯಾಮ್ನೋಸ್ ಕಳಚಲಿ, ಕ್ರೊಮ್ಯಾಟೋಗ್ರಾಂ ಸರಳ ಆಗಲಿ ಅಂತ ಹೈಡ್ರೋಕ್ಲೋರಿಕ್ ಆಸಿಡ್‌ನಲ್ಲಿ ಎರಡು ಗಂಟೆ ಕುದಿಸಿದ್ದೇನೆ. ಅದು ಸ್ಯಾಂಪಲ್ ತಯಾರಿ, ಮೆಥಡ್ ಅಲ್ವಲ್ಲ ಅಂತ ಬರೆದಿರಲಿಲ್ಲ.

ಹಳೇಕಾಲಂ:
😑

ಹಳೇಕಾಲಂ:
ವೆಸೆಲಿ-ಮೋಸರ್ ಮರುಜೋಡಣೆ ಅಂತ ಹುಡುಕಿ ಓದಿ. ಬಿಸಿ ಆಸಿಡ್‌ನಲ್ಲಿ ಫ್ಲೇವೋನ್‌ನ ನಡುವಿನ ಉಂಗುರ ಬಿಚ್ಚಿಕೊಳ್ಳುತ್ತದೆ. ಮತ್ತೆ ಮುಚ್ಚುವಾಗ ಹಳೇ ಆಮ್ಲಜನಕವನ್ನೇ ಹಿಡಿಯಬೇಕು ಅಂತೇನಿಲ್ಲ, ಪಕ್ಕದ 5ನೇ ಹೈಡ್ರಾಕ್ಸಿಲ್ಲನ್ನೂ ಹಿಡಿಯಬಹುದು. ಹಾಗಾದರೆ ಸಕ್ಕರೆ ಇದ್ದಲ್ಲೇ ಇರುತ್ತದೆ, ಆದರೆ ಅದರ ವಿಳಾಸ 8 ಹೋಗಿ 6 ಆಗಿಬಿಡುತ್ತದೆ. ನಿಮ್ಮ ಐಸೋವೈಟೆಕ್ಸಿನ್ ಎಲೆಯಿಂದ ಬಂತೋ ಫ್ಲಾಸ್ಕಿನಲ್ಲಿ ಹುಟ್ಟಿತೋ ಹೇಳೋಕಾಗಲ್ಲ. ಶುದ್ಧ ವೈಟೆಕ್ಸಿನ್ ತಗೊಂಡು ಅದೇ ಥರ ಕುದಿಸಿ. ಜೊತೆಗೆ ಕುದಿಸದ ಎಲೆಯ ಎಕ್ಸ್‌ಟ್ರ್ಯಾಕ್ಟ್ ಒಂದು.

ಪೀಕ್‌ಪುರಾಣ:
0.1% ಫಾರ್ಮಿಕ್ ಆಸಿಡ್‌ನಿಂದಲೂ ಇದು ಆಗುತ್ತಾ ಹಾಗಾದರೆ?

ಹಳೇಕಾಲಂ:
ಕಾಲಂನಲ್ಲಿ ಕೆಲವು ನಿಮಿಷಕ್ಕೆ ಆಗಲ್ಲ. ಕುದಿಬೇಕು.

ಲಕ್ಷರೆಸಲ್ಯೂಷನ್:
ಇಷ್ಟೆಲ್ಲ ಯಾಕೆ, ಅಯಾನ್ ಮೊಬಿಲಿಟಿ ಇದ್ದರೆ ಆಕಾರ ನೋಡಿಯೇ ಬೇರೆ ಮಾಡಬಹುದು. ನಮ್ಮ ಲ್ಯಾಬಿಗೆ ಹೋದ ತಿಂಗಳು ಒಂದು ಬಂದಿದೆ. ಇನ್ನೂ ಗ್ಯಾಸ್ ಲೈನ್ ಕೊಟ್ಟಿಲ್ಲ. ಫೋಟೋ ಹಾಕಲಾ?

ಟ್ರಿಪಲ್‌ಕ್ವಾಡ್‌ರಾಣಿ:
ಡಬ್ಬ ಬಿಚ್ಚಿದ ಮೇಲೆ ಹಾಕಿ. ಅಂದಹಾಗೆ, ಮೇಲೆ ಬೈದಿರಲ್ಲ ಟ್ರಿಪಲ್ ಕ್ವಾಡ್ ಅಂತ. 431ರಿಂದ 311, 431ರಿಂದ 341, ಎರಡು ಟ್ರಾನ್ಸಿಷನ್ ಇಟ್ಟರೆ ಈ ಕೆಲಸ ಅದರಲ್ಲೇ ಮುಗಿಯುತ್ತದೆ.

ಎಲೆಕಷಾಯ:
ಆಯ್ತು. ಶುದ್ಧ ವೈಟೆಕ್ಸಿನ್: ಕುದಿಸುವ ಮುಂಚೆ ಒಂದು ಪೀಕ್, ಕುದಿಸಿದ ಮೇಲೆ ಎರಡು. ಎರಡನೆಯದು ಐಸೋ ಸ್ಟ್ಯಾಂಡರ್ಡ್ ಬರುವ ಸಮಯಕ್ಕೇ ಬಂತು, 341ರ ಎತ್ತರವೂ ಅದರದ್ದೇ. ತಣ್ಣಗೆ ಮೆಥನಾಲ್‌ನಲ್ಲಿ ನೆನೆಸಿದ ಎಲೆಯಲ್ಲಿ 577 ಬೆಟ್ಟದ ಹಾಗೆ. ಐಸೋ ಜಾಗದಲ್ಲಿ ಒಂದು ಸಣ್ಣ ಗುಬ್ಬಚ್ಚಿ ಇದೆ, ಪೂರ್ತಿ ಸೊನ್ನೆ ಅಲ್ಲ. ರಿಪೋರ್ಟ್ ಸೋಮವಾರಕ್ಕೆ ಮುಂದೂಡಿಸಿಕೊಂಡೆ.

ಪೀಕ್‌ಪುರಾಣ:
ಅದನ್ನು ಎಷ್ಟು ಮೈಕ್ರೋಲೀಟರ್ ಹಾಕಿದಿರಿ?

ಎಲೆಕಷಾಯ:
1. ನಿಮ್ಮ ಆಜ್ಞೆ.

ಹಸಿರುಸಿರಿಂಜ್:
ಹಳೇ ಥ್ರೆಡ್ ಎಬ್ಬಿಸಿದ್ದಕ್ಕೆ ಕ್ಷಮಿಸಿ. ನನಗೆ 447ರಲ್ಲಿ ಇದೇ ಕಥೆ, ತುಂಡು 357 ಮತ್ತು 327. ಓರಿಯೆಂಟಿನ್, ಐಸೋಓರಿಯೆಂಟಿನ್ ಜೋಡಿ ಅಂತ ಕಾಣುತ್ತದೆ. ಕುದಿಸಿಲ್ಲ ಅಂತ ಮೊದಲೇ ಹೇಳಿಬಿಡುತ್ತೇನೆ. ಆದರೆ ಎರಡೂ ಪೀಕ್‌ನಲ್ಲಿ ಅನುಪಾತ ಒಂದೇ ಬರುತ್ತಿದೆ. ಯಾರಾದರೂ ಇದ್ದೀರಾ?