ಹಿಂದೆ ಇದ್ದವರ ಹೆಸರಿಗೆ ಬರುವ ಟಪಾಲು: ನೀವೇನು ಮಾಡುತ್ತೀರಿ?

ಕೇಳಿದವರು: ಕೇಶ್ವಾಪುರ, ಹುಬ್ಬಳ್ಳಿ

ಯುಗಾದಿಯ ಹೊತ್ತಿಗೆ ಈ ಬಾಡಿಗೆ ಮನೆಗೆ ಬಂದೆವು. ನಮಗಿಂತ ಮುಂಚೆ ಇದ್ದವರ ಹೆಸರಿಗೆ ಟಪಾಲು ಬರುವುದು ನಿಂತಿಲ್ಲ. ಬ್ಯಾಂಕಿನ ಲಕೋಟೆ, ವಿಮೆ ಕಂತಿನ ಸೂಚನೆ, ಲಗ್ನಪತ್ರಿಕೆ, ಈಗ ಯಾರೋ ವಕೀಲರಿಂದ ಸ್ಪೀಡ್ ಪೋಸ್ಟ್. ಮನೆ ಮಾಲೀಕರು "ಒಂದು ಕಡೆ ಇಟ್ಟಿರಿ, ಎಂದಾದರೂ ಬಂದು ಒಯ್ಯುತ್ತಾರೆ" ಎನ್ನುತ್ತಾರೆ. ಸಹಿ ಮಾಡಿ ಇಸಿದುಕೊಂಡರೆ ಗಂಟೇನು ಹೋಗುತ್ತದೆ ಎಂದು ನಮ್ಮ ಅತ್ತೆಯವರ ವಾದ. ಒಡೆದು ನೋಡಲು ಮನಸ್ಸಿಲ್ಲ, ಎಸೆಯಲು ಧೈರ್ಯವಿಲ್ಲ. ಅನುಭವ ಇದ್ದವರು ಹೇಳಿ.

ನಿವೃತ್ತ ಅಂಚೆ ನೌಕರ, ಧಾರವಾಡ

ತಂಗಿ, ಮಾಲೀಕರ ಮಾತು ಕೇಳಬೇಡಿ. ನಿಮ್ಮ ಕಪಾಟಿನಲ್ಲಿ ಕುಳಿತ ಪತ್ರ ಕಳಿಸಿದವರ ಲೆಕ್ಕದಲ್ಲಿ ಮುಟ್ಟಿದ ಪತ್ರ. ಅದು ವಾಪಸ್ ಹೋದಾಗಲೇ ವಿಳಾಸ ಬದಲಾಗಿದೆ ಎಂದು ಅವರಿಗೆ ತಿಳಿಯುವುದು. ಅಲ್ಲಿಯವರೆಗೆ ನಿಮ್ಮ ಬಾಗಿಲಿಗೇ ಕಳಿಸುತ್ತಿರುತ್ತಾರೆ.

ಸಾದಾ ಪತ್ರವಾದರೆ ಲಕೋಟೆಯ ಮೇಲೆ ಖಾಲಿ ಜಾಗ ನೋಡಿ "ವಿಳಾಸದಾರರು ಮನೆ ಬಿಟ್ಟಿದ್ದಾರೆ, ಹೊಸ ವಿಳಾಸ ಗೊತ್ತಿಲ್ಲ, ಕಳಿಸಿದವರಿಗೆ ವಾಪಸ್" ಎಂದು ಬರೆದು ನಿಮ್ಮ ಬೀಟಿನ ಪೋಸ್ಟ್‌ಮನ್ ಕೈಗೆ ಕೊಡಿ. ಹಳೆಯ ವಿಳಾಸವನ್ನು ಗೀಚಿ ಅಳಿಸಬೇಡಿ, ಬಾರ್‌ಕೋಡ್ ಮೇಲೆ ಬರೆಯಬೇಡಿ. ಕಳಿಸಿದವರ ವಿಳಾಸವೇ ಇಲ್ಲದ ಪತ್ರಗಳಿಗೆ ಇಲಾಖೆಯಲ್ಲಿ ಪ್ರತ್ಯೇಕ ಕಚೇರಿ ಇದೆ. ಅದನ್ನು ಒಡೆದು ಒಳಗೆ ವಿಳಾಸ ಹುಡುಕುವ ಅಧಿಕಾರ ಅಲ್ಲಿಯವರಿಗೆ ಉಂಟು, ನಮಗೆ ನಿಮಗೆ ಇಲ್ಲ.

ಸಹಿ ಬೇಡುವ ಟಪಾಲಿನ ಬಗ್ಗೆ ಅತ್ತೆಯವರಿಗೆ ತಿಳಿಸಿ ಹೇಳಿ. 2025ರಲ್ಲಿ ರಿಜಿಸ್ಟರ್ಡ್ ಪೋಸ್ಟ್ ಸ್ಪೀಡ್ ಪೋಸ್ಟಿನಲ್ಲಿ ವಿಲೀನವಾಗಿದೆ. ರಿಜಿಸ್ಟರ್ಡ್ ಎಂದರೆ ಲಕೋಟೆಯ ಮೇಲಿನ ಹೆಸರಿನವರಿಗೇ ಮುಟ್ಟಬೇಕಾದ ಟಪಾಲಾಗಿತ್ತು. ಸ್ಪೀಡ್ ಪೋಸ್ಟ್ ವಿಳಾಸಕ್ಕೆ ಮುಟ್ಟಿದರೆ ಸಾಕು. ಹೆಸರಿನವರಿಗೇ ಕೊಡಬೇಕೆಂದರೆ ಕಳಿಸುವವರು ಹೆಚ್ಚಿನ ಶುಲ್ಕ ತೆರಬೇಕು. ಹಾಗಾಗಿ ಬಿಸಿಲಲ್ಲಿ ಬಂದ ಪೋಸ್ಟ್‌ಮನ್ "ಇದೇ ಮನೆಯಲ್ಲವೇ, ಸಹಿ ಮಾಡಿ" ಎಂದರೆ ಅವನ ತಪ್ಪೂ ಅಲ್ಲ. "ಅವರು ಈ ಮನೆ ಬಿಟ್ಟಿದ್ದಾರೆ" ಎಂದು ನೀವೇ ಹೇಳಬೇಕು, ಅವನು ಹಾಗೆಯೇ ಷರಾ ಬರೆಯುತ್ತಾನೆ. "ನಮಗೆ ಬೇಡ, ಒಯ್ಯಿರಿ" ಎಂದು ಮಾತ್ರ ಅನ್ನಬೇಡಿ. ಅವಸರದಲ್ಲಿ ಅದು "ನಿರಾಕರಿಸಿದ್ದಾರೆ" ಎಂಬ ಷರಾ ಆಗಿಬಿಟ್ಟರೆ ಹೆಸರಿನವರ ಪಾಲಿಗೆ ಬೇರೆಯದೇ ರಾಮಾಯಣ.

ವಕೀಲರ ಕಚೇರಿಯ ಗುಮಾಸ್ತ, ಗದಗ

ಆ ರಾಮಾಯಣ ಏನೆಂದು ಹೇಳುತ್ತೇನೆ. ಚೆಕ್ ಬೌನ್ಸ್ ನೋಟಿಸು ಎಂದುಕೊಳ್ಳಿ. ನೋಟಿಸು ಮುಟ್ಟಿದ ಮೇಲೆ ಹಣ ಕಟ್ಟಲು 15 ದಿನ ಅವಕಾಶ. ಅತ್ತೆಯವರು ಸಹಿ ಹಾಕಿದ ದಿನದಿಂದಲೇ ಆ ಎಣಿಕೆ ಶುರುವಾಯಿತೆಂದು ಎದುರು ಪಕ್ಷ ವಾದಿಸಬಹುದು, ಹೆಸರಿನವರಿಗೆ ಮಾತ್ರ ಸುದ್ದಿಯೇ ಇರುವುದಿಲ್ಲ. "ನಿರಾಕರಿಸಿದ್ದಾರೆ" ಎಂಬ ಷರಾ ಇದ್ದರೂ ನ್ಯಾಯಾಲಯಗಳು ಸಾಮಾನ್ಯವಾಗಿ ನೋಟಿಸು ಮುಟ್ಟಿದಂತೆಯೇ ಎಣಿಸುತ್ತವೆ. "ಮನೆ ಬಿಟ್ಟಿದ್ದಾರೆ" ಎಂದಿದ್ದರೆ ಕಳಿಸಿದವರು ಸರಿಯಾದ ವಿಳಾಸ ಹುಡುಕುವ ದಾರಿ ನೋಡುತ್ತಾರೆ.

ಕೋರ್ಟಿನ ಬೇಲಿಫ್ ಸಮನ್ಸ್ ತಂದರೂ ಇದೇ ಮಾತು. ವ್ಯಕ್ತಿ ಸಿಗದಿದ್ದರೆ ಅವರು ವಾಸವಿರುವ ಮನೆಯ ಬಾಗಿಲಿಗೆ ಪ್ರತಿ ಅಂಟಿಸಲು ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿ ಅವಕಾಶವಿದೆ. ಈಗ ಅಲ್ಲಿ ವಾಸವಿರುವವರು ನೀವು ಎಂದು ಬಾಡಿಗೆ ಕರಾರು ಪತ್ರ ತೋರಿಸಿ, ಅವರ ವರದಿಯಲ್ಲಿ ಬರೆಸಿ. ಜಗಳ ಬೇಡ.

ಒಡೆಯುವ ವಿಚಾರ: ಇನ್ನೊಬ್ಬರಿಗೆ ಸೇರಬೇಕಾದ ಟಪಾಲನ್ನು ಬೇಕೆಂದೇ ಬಚ್ಚಿಟ್ಟರೆ 1898ರ ಕಾಯ್ದೆಯಲ್ಲಿ ಎರಡು ವರ್ಷದವರೆಗೆ ಸಜೆ ಇತ್ತು. 2024ರ ಜೂನ್ 18ರಂದು ಜಾರಿಗೆ ಬಂದ ಹೊಸ ಅಂಚೆ ಕಾಯ್ದೆಯಲ್ಲಿ ಆ ಕಲಂ ಉಳಿದಿಲ್ಲ. ಆದರೆ ಒಳಗಿನ ಚೆಕ್ಕನ್ನೋ ಕಾರ್ಡನ್ನೋ ಬಳಸಿದವರಿಗೆ ಭಾರತೀಯ ನ್ಯಾಯ ಸಂಹಿತೆ ಇದ್ದೇ ಇದೆ.

ಸಪ್ತಾಪುರ, ಧಾರವಾಡ

ಮೇಲಿನವರು ಹೇಳಿದ್ದು ಸರಿ, ಆದರೆ ಎಲ್ಲವನ್ನೂ ಕಣ್ಣುಮುಚ್ಚಿ ವಾಪಸ್ ಕಳಿಸಬೇಡಿ ಅಕ್ಕ. ನಮ್ಮದು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರಿಗೆ ಖೋಲಿ ಬಾಡಿಗೆ ಕೊಡುವ ಮನೆ. ಹಾವೇರಿ, ಕೊಪ್ಪಳ, ರಾಯಚೂರು ಕಡೆಯಿಂದ ಬರುತ್ತಾರೆ, ಅರ್ಜಿಯಲ್ಲಿ ನಮ್ಮ ವಿಳಾಸ ಬರೆಯುತ್ತಾರೆ, ಪರೀಕ್ಷೆ ಮುಗಿದದ್ದೇ ಊರಿಗೆ ಹೋಗುತ್ತಾರೆ. ಫಲಿತಾಂಶ ಬಂದು ಇಲಾಖೆಯ ಪತ್ರ ಹೊರಡುವ ಹೊತ್ತಿಗೆ ಆ ಖೋಲಿಯಲ್ಲಿ ಇನ್ನೊಬ್ಬ ಹುಡುಗ ಓದುತ್ತಿರುತ್ತಾನೆ. ಹಾನಗಲ್ ಕಡೆಯ ಒಬ್ಬನಿಗೆ ದಾಖಲೆ ಪರಿಶೀಲನೆಗೆ ಹಾಜರಾಗುವ ಸೂಚನೆ ಹೀಗೇ ಬಂತು. ಅವನ ನಂಬರ್ ಬದಲಾಗಿತ್ತು. ಅವನ ಜೊತೆ ಮೆಸ್ಸಿಗೆ ಹೋಗುತ್ತಿದ್ದ ಗೆಳೆಯನನ್ನು ಹಿಡಿದು ಸುದ್ದಿ ಮುಟ್ಟಿಸಿದೆವು. ರಾತ್ರಿ ಬಸ್ಸಿಗೇ ಬಂದು ಒಯ್ದ. ಆ ಲಕೋಟೆ ಬೆಂಗಳೂರಿಗೆ ಮರಳಿ ಹೋಗಿದ್ದರೆ?

ಅಂದಿನಿಂದ ನಮ್ಮ ಯಜಮಾನರು ಒಂದು ವಹಿ ಇಟ್ಟಿದ್ದಾರೆ. ಖೋಲಿ ಬಿಡುವವರ ಊರು, ಅವರ ನಂಬರ್, ಮನೆಯವರೊಬ್ಬರ ನಂಬರ್ ಬರೆಸಿಕೊಂಡೇ ಡಿಪಾಜಿಟ್ ಹಿಂದಿರುಗಿಸುವುದು. ಪತ್ರ ಬಂದರೆ ಲಕೋಟೆಯ ಹೊರಭಾಗದ ಫೋಟೊ ತೆಗೆದು ಕಳಿಸುತ್ತೇನೆ. ಬೇಕೆಂದರೆ ಒಡೆಯದೆ, ಹೊಸ ವಿಳಾಸ ಬರೆದು ಪೋಸ್ಟ್‌ಮನ್‌ಗೆ ಕೊಡುತ್ತೇನೆ. ಮನೆ ಬಿಡುವವರು ತಾವೇ ಬಟವಾಡೆಯ ಅಂಚೆ ಕಚೇರಿಗೆ ಹೋಗಿ ಹೊಸ ವಿಳಾಸಕ್ಕೆ ಕಳಿಸಿ ಎಂದು ಬರೆದುಕೊಟ್ಟರೆ ಇನ್ನೂ ಒಳ್ಳೆಯದು, ಆದರೆ ಅಷ್ಟು ಶಿಸ್ತಿನ ಹುಡುಗ ನಮ್ಮ ಖೋಲಿಗಳಲ್ಲಿ ಇನ್ನೂ ಹುಟ್ಟಿಲ್ಲ. ನೀವು ಮಾಲೀಕರ ಬಳಿ ಹಳಬರ ನಂಬರ್ ಇಸಿದುಕೊಳ್ಳಿ. ಅವರು ಕೊಡಲು ಹಿಂದೆ ಮುಂದೆ ನೋಡಿದರೆ, ಅವರೇ ಒಮ್ಮೆ ಫೋನ್ ಮಾಡಲಿ, ನಿಮ್ಮೆದುರಿಗೇ.

ಪಾಸ್‌ಪೋರ್ಟ್ ಬಂದರೆ ಮಾತ್ರ ಈ ಉಪಕಾರ ನಡೆಯುವುದಿಲ್ಲ. ಅದನ್ನು ಹೆಸರಿನವರ ಕೈಗೇ ಕೊಡುತ್ತಾರೆ, ಅವರು ಸಿಗದಿದ್ದರೆ ಪಾಸ್‌ಪೋರ್ಟ್ ಕಚೇರಿಗೆ ಮರಳುತ್ತದೆ. ಎಟಿಎಂ ಕಾರ್ಡ್, ಚೆಕ್ ಬುಕ್ ಇರುವಂತೆ ಕಂಡ ಲಕೋಟೆಯನ್ನು ನಾನು ಒಂದು ರಾತ್ರಿಯೂ ಮನೆಯಲ್ಲಿ ಇಡುವುದಿಲ್ಲ. ಅದರ ಉಸಾಬರಿ ಬೇಡ, ನೇರವಾಗಿ ವಾಪಸ್.

ನವನಗರ, ಹುಬ್ಬಳ್ಳಿ

ನಮ್ಮಲ್ಲಿ ಪತ್ರದ ಬೆನ್ನಿಗೇ ಮನುಷ್ಯರೂ ಬಂದರು. ಹಳೆಯ ಬಾಡಿಗೆದಾರರು ಸಾಲ ಮಾಡಿದ್ದರಂತೆ, ವಸೂಲಿಯ ಹುಡುಗರು ಗೇಟಿನ ಬಳಿ ನಿಂತು ನಮ್ಮನ್ನೇ ಅವರ ಸಂಬಂಧಿಕರೆಂದು ಸಾಧಿಸತೊಡಗಿದರು. ಕರಾರು ಪತ್ರದ ಮೊದಲ ಪುಟ ತೋರಿಸಿದೆ, ನಕಲು ಕೊಡಲಿಲ್ಲ. ನಕಲು ಯಾವ ಕಾರಣಕ್ಕೂ ಕೊಡಬೇಡಿ, ಆಧಾರ್ ಅಂತೂ ತೋರಿಸಲೇಬೇಡಿ. ಆಮೇಲೆ ಸಾಲ ಕೊಟ್ಟ ಸಂಸ್ಥೆಯ ದೂರು ವಿಭಾಗಕ್ಕೆ, ಆ ವ್ಯಕ್ತಿ ಇಲ್ಲಿಲ್ಲ, ವಿಳಾಸ ತೆಗೆಯಿರಿ ಎಂದು ಇಮೇಲ್ ಕಳಿಸಿದೆ. ವಸೂಲಿಯವರು ಬೆಳಿಗ್ಗೆ 8ಕ್ಕಿಂತ ಮುಂಚೆ, ಸಂಜೆ 7ರ ನಂತರ ಸಾಲಗಾರರಿಗೂ ಫೋನ್ ಮಾಡುವಂತಿಲ್ಲ ಎಂದು ರಿಸರ್ವ್ ಬ್ಯಾಂಕ್ 2022ರಲ್ಲೇ ಹೇಳಿದೆ. ಸಂಸ್ಥೆ ಉತ್ತರಿಸದಿದ್ದರೆ ರಿಸರ್ವ್ ಬ್ಯಾಂಕಿನ 14448ಕ್ಕೆ ಕರೆ ಮಾಡಿ ಮುಂದಿನ ದಾರಿ ಕೇಳಬಹುದು. ಗೇಟು ತಳ್ಳಿ ಒಳಗೆ ಬಂದರೆ 112.

ಕೇಶ್ವಾಪುರದವರೇ ಮತ್ತೆ

ಎಲ್ಲರಿಗೂ ಧನ್ಯವಾದ. ವಕೀಲರ ಟಪಾಲು ಇನ್ನೂ ಅಂಚೆ ಕಚೇರಿಯಲ್ಲೇ ಇದೆ, ಇಂದು ಹೋಗಿ ಷರಾ ಬರೆಸುತ್ತೇನೆ. ಮಾಲೀಕರು ಹಳಬರಿಗೆ ಫೋನ್ ಮಾಡಿದರು. ಅವರು ಈಗ ಬೆಳಗಾವಿಯಲ್ಲಿದ್ದಾರೆ. ಬ್ಯಾಂಕಿನದು ಯಾವುದೂ ಬೇಡವಂತೆ, ಲಗ್ನಪತ್ರಿಕೆ ಯಾರದೆಂದು ಮಾತ್ರ ಕೇಳಿದರು.