ಮೆಲುದನಿಯ ಇಂಡೀ ಫೋಕ್ ಹಾಡುಗಳನ್ನು ಹುಡುಕುವ ಬಗೆ, ಕೇಳಿಸುವ ಬಗೆ

ತೊಗರಿನಾಡು (ಕಲಬುರಗಿ):

ದೊಡ್ಡ ಕಂಪನಿಗಳ ಹಂಗಿಲ್ಲದೆ, ಗಿಟಾರಿನಂತಹ ವಾದ್ಯಗಳೊಂದಿಗೆ ಮೆಲುದನಿಯಲ್ಲಿ ಹಾಡುವ ಇಂಡೀ ಫೋಕ್ ಸಂಗೀತದ ರುಚಿ ನನಗೆ ಹತ್ತಿದ್ದು ಬಾನ್ ಐವರ್ ತಂಡದ ಮೊದಲ ಆಲ್ಬಂನಿಂದ. ಆ ತಂಡದ ಗಾಯಕ ಜಸ್ಟಿನ್ ವರ್ನನ್ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ತಂದೆಯ ಕಾಡುಮನೆಯೊಂದರಲ್ಲಿ ಚಳಿಗಾಲ ಕಳೆಯುತ್ತ, ಬಹುಪಾಲು ಒಬ್ಬರೇ ಧ್ವನಿಮುದ್ರಿಸಿ 2007ರಲ್ಲಿ ತಾವೇ ಹೊರತಂದ ಹಾಡುಗಳವು. ಅಲ್ಲಿಂದ ಫ್ಲೀಟ್ ಫಾಕ್ಸಸ್, ಐರನ್ ಅಂಡ್ ವೈನ್, ಸುಫ್ಯಾನ್ ಸ್ಟೀವನ್ಸ್ ಎಂದು ಮುಂದುವರಿದೆ. ಆದರೆ ಈಗ ಮೊಬೈಲಿನ ಆ್ಯಪ್ ಅದೇ ಹತ್ತಾರು ಹೆಸರುಗಳನ್ನು ತಿರುಗಾಮುರುಗಾ ಮುಂದಿಡುತ್ತಿದೆ. ಹೊಸದೆಂದು ತೋರಿಸುವುದೂ ಹಳೆಯದರ ನಕಲಿನಂತೆಯೇ ಕೇಳಿಸುತ್ತದೆ.

ಈ ವರ್ತುಲದಿಂದ ಹೊರಬರುವ ದಾರಿ ಯಾವುದು? ನಮ್ಮ ವಾಟ್ಸಾಪ್ ಗುಂಪಿನಲ್ಲಿ ನಾನು ಹಾಕುವ ಲಿಂಕನ್ನು ಒಬ್ಬರೂ ತೆರೆಯುವುದಿಲ್ಲ, ತೆರೆದವರು ‘ನಿದ್ದೆ ಬರುತ್ತದೆ’ ಎನ್ನುತ್ತಾರೆ. ಗೆಳೆಯರಿಗೆ ಈ ಸಂಗೀತವನ್ನು ದಾಟಿಸುವುದು ಹೇಗೆ? ಕನ್ನಡದಲ್ಲಿ ಈ ಮನೋಧರ್ಮದ ಹಾಡುಗಾರರಿದ್ದರೆ ಅದನ್ನೂ ತಿಳಿಸಬೇಕಾಗಿ ಕೋರುತ್ತೇನೆ.

ಬಿದರಿ ಕುಸುರಿ (ಬೀದರ್):

ಆ್ಯಪ್ ನೋಡುವುದು ಯಾವ ಹಾಡನ್ನು ಕೇಳಿದವರು ಬೇರೆ ಯಾವುದನ್ನು ಕೇಳಿದರು ಎಂಬುದನ್ನು. ಆ ಹಾಡನ್ನು ಯಾರು ಯಾರ ಜೊತೆ ಕೂತು ಮಾಡಿದರು ಎಂಬುದನ್ನಲ್ಲ. ಆದ್ದರಿಂದ ತಾವು ಗಾಯಕರ ಹೆಸರನ್ನು ಬಿಟ್ಟು, ಆಲ್ಬಂನ ಹಿಂಬದಿಯಲ್ಲಿ ಸಣ್ಣಕ್ಷರದಲ್ಲಿರುವ ನಿರ್ಮಾಪಕರು, ಧ್ವನಿಮುದ್ರಕರು, ಪಕ್ಕವಾದ್ಯದವರ ಹೆಸರುಗಳನ್ನು ಹಿಡಿದು ಹೊರಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಒಂದು ಎಳೆಯನ್ನು ಬಿಡಿಸಿ ತೋರಿಸುತ್ತೇನೆ. ಇಂಗ್ಲೆಂಡಿನ ನಿಕ್ ಡ್ರೇಕ್ 1969ರಿಂದ 1972ರ ನಡುವೆ ಮೂರೇ ಆಲ್ಬಂ ಹೊರತಂದು, 1974ರಲ್ಲಿ ತಮ್ಮ 26ನೆಯ ವಯಸ್ಸಿನಲ್ಲಿ ತೀರಿಕೊಂಡರು. ಬದುಕಿದ್ದಾಗ ಅವರನ್ನು ಕೇಳಿದವರು ಬಹಳ ಕಡಿಮೆ. ಕಾರಿನ ಜಾಹೀರಾತೊಂದರಲ್ಲಿ ಅವರ ಹಾಡು ಬಳಕೆಯಾದ ಮೇಲೆ ಲೋಕ ಅವರತ್ತ ತಿರುಗಿತು. ಅವರ ಮೊದಲೆರಡು ಆಲ್ಬಂಗಳ ನಿರ್ಮಾಪಕರು ಜೋ ಬಾಯ್ಡ್, ತಂತಿವಾದ್ಯಗಳ ಸಂಯೋಜನೆಯನ್ನು ಬಹುಪಾಲು ಮಾಡಿದವರು ರಾಬರ್ಟ್ ಕರ್ಬಿ. ಈ ಎರಡೂ ಹೆಸರುಗಳು ವಷ್ಟಿ ಬನ್ಯನ್ ಎಂಬ ಗಾಯಕಿಯ 1970ರ ಆಲ್ಬಂನಲ್ಲಿ ಮತ್ತೆ ಎದುರಾಗುತ್ತವೆ. ಬನ್ಯನ್ ಕುದುರೆಗಾಡಿಯಲ್ಲಿ ಸ್ಕಾಟ್ಲೆಂಡಿನ ದ್ವೀಪಗಳತ್ತ ಸಾಗುವ ದಾರಿಯುದ್ದಕ್ಕೂ ಕಟ್ಟಿದ ಹಾಡುಗಳು ಅದರಲ್ಲಿವೆ. ಅದೂ ಮಾರಾಟವಾಗದೆ, ಆಕೆ ಸುಮಾರು ಮೂರು ದಶಕ ಸಂಗೀತದಿಂದ ದೂರ ಉಳಿದರು. 2000ದಲ್ಲಿ ಆ ಆಲ್ಬಂ ಮರುಬಿಡುಗಡೆಯಾದಾಗ ಹೊಸ ತಲೆಮಾರಿನವರು ಆಕೆಯನ್ನು ಹುಡುಕಿಕೊಂಡು ಬಂದರು. 2005ರ ಎರಡನೆಯ ಆಲ್ಬಂನಲ್ಲಿ ಡೆವೆಂಡ್ರಾ ಬ್ಯಾನ್‌ಹಾರ್ಟ್, ಜೊವಾನಾ ನ್ಯೂಸಮ್ ಜೊತೆಗೂಡಿದ್ದಾರೆ. ನ್ಯೂಸಮ್ ಹಾರ್ಪ್ ಎಂಬ ತಂತಿವಾದ್ಯ ನುಡಿಸುತ್ತ ಹಾಡುವವರು. ಅವರ ದನಿ ಮೊದಲ ಸಲಕ್ಕೆ ಹಿಡಿಸದಿರಬಹುದು, ಬಿಡಬೇಡಿ. ಬನ್ಯನ್ ಅವರ ಮೊದಲ ಆಲ್ಬಂನಲ್ಲಿ ಪಿಟೀಲು ನುಡಿಸಿದ ಡೇವ್ ಸ್ವಾರ್‌ಬ್ರಿಕ್ ಅವರನ್ನು ಹಿಡಿದು ಹೋದರೆ ಫೇರ್‌ಪೋರ್ಟ್ ಕನ್ವೆನ್ಷನ್ ತಂಡವೂ, ಅಲ್ಲಿಂದ ಆ ತಂಡದ ಗಾಯಕಿ ಸ್ಯಾಂಡಿ ಡೆನ್ನಿಯೂ ಸಿಗುತ್ತಾರೆ. ಇಷ್ಟು ದೂರ ಬರಲು ನಾಲ್ಕೈದು ಹೆಸರುಗಳು ಸಾಕಾದವು.

ಇಂದಿನವರಿಗಾಗಿ ಬ್ಯಾಂಡ್‌ಕ್ಯಾಂಪ್ ತಾಣವನ್ನು ನೋಡಿ. ಅಲ್ಲಿ ಆಲ್ಬಂ ಕೊಂಡವರ ಸಂಗ್ರಹವನ್ನು ಇತರರೂ ತೆರೆದು ನೋಡಬಹುದು. ತಮಗೆ ಇಷ್ಟವಾದ, ಹೆಚ್ಚು ಜನ ಕೇಳದ ಆಲ್ಬಂ ಒಂದನ್ನು ಕೊಂಡವರು ಇನ್ನೇನು ಕೊಂಡಿದ್ದಾರೆಂದು ನೋಡಿದರೆ, ಹಣ ಕೊಟ್ಟು ಕೇಳುವವರ ಅಭಿರುಚಿ ತಿಳಿಯುತ್ತದೆ.

ಅಪ್ಪನ ಕೆರೆ (ಕಲಬುರಗಿ):

ಹುಡುಕುವ ಬಗೆಯನ್ನು ಬೀದರಿನವರು ಚೆನ್ನಾಗಿ ವಿವರಿಸಿರುವುದರಿಂದ ನಾನು ಕೇಳಿಸುವ ಬಗೆಯ ಕುರಿತು ಬರೆಯುತ್ತೇನೆ.

ಲಿಂಕು ಹಾಕಿ ‘ಅದ್ಭುತ, ಕೇಳಿ’ ಎಂದು ಬರೆದರೆ ಯಾರೂ ಕೇಳುವುದಿಲ್ಲ. ಒಂದೇ ಹಾಡು ಕಳುಹಿಸಿ, ಅದರಲ್ಲಿ ಕಿವಿಗೊಡಬೇಕಾದ ಒಂದು ಸಂಗತಿಯನ್ನು ಹೇಳಿ. ಉದಾಹರಣೆಗೆ, ನಿಕ್ ಡ್ರೇಕ್ ಅವರ ಕೊನೆಯ ಆಲ್ಬಂ ‘ಪಿಂಕ್ ಮೂನ್’ ಎರಡು ರಾತ್ರಿಗಳಲ್ಲಿ ಧ್ವನಿಮುದ್ರಣಗೊಂಡದ್ದು. ಅದರ ಮೊದಲ ಹಾಡಿನ ನಡುವೆ ಪಿಯಾನೋದ ಕೆಲವೇ ಸ್ವರಗಳು ಬಂದು ಹೋಗುತ್ತವೆ, ಆಮೇಲೆ ಇಡೀ ಆಲ್ಬಂನಲ್ಲಿ ಗಿಟಾರ್ ಮತ್ತು ದನಿ ಬಿಟ್ಟರೆ ಬೇರೇನೂ ಇಲ್ಲ. ‘ಆ ಪಿಯಾನೋ ಎಲ್ಲಿ ಬರುತ್ತದೆ, ಹೇಳು’ ಎಂದು ಕೇಳಿ ಕಳುಹಿಸಿ ನೋಡಿ. ಉತ್ತರ ಹೇಳಬೇಕೆಂಬ ಹಟಕ್ಕಾದರೂ ಪೂರ್ತಿ ಕೇಳುತ್ತಾರೆ.

ಕೇಳುವ ಹೊತ್ತನ್ನೂ ನೋಡಿಕೊಳ್ಳಬೇಕು. ನಮ್ಮ ಊರಿನ ಏಪ್ರಿಲ್‌–ಮೇ ತಿಂಗಳಿನಲ್ಲಿ ಕೂಲರ್ ಹಚ್ಚಿದ ಕೋಣೆಯೊಳಗೆ ಮೊಬೈಲಿನ ಸ್ಪೀಕರಿನಿಂದ ಇಂತಹ ಹಾಡು ಹಾಕಿದರೆ, ತಂತಿ ಮೀಟುವ ಬೆರಳಿನ ಸದ್ದು ಹಾಗಿರಲಿ, ಹಾಡಿನ ಮಾತೂ ಕೇಳಿಸುವುದಿಲ್ಲ. ನಿದ್ದೆ ಬರದೆ ಇನ್ನೇನು ಬಂದೀತು? ಗದ್ದಲದ ತೊಂದರೆ ಎಲ್ಲ ಕಡೆಗೂ ಇರುವಂತಹದೇ. ಅಮೆರಿಕದ ಎನ್‌ಪಿಆರ್ ರೇಡಿಯೋದ ‘ಟೈನಿ ಡೆಸ್ಕ್’ ಕಾರ್ಯಕ್ರಮ 2008ರಲ್ಲಿ ಹುಟ್ಟಿದ್ದೇ ಅದರಿಂದ. ಲಾರಾ ಗಿಬ್ಸನ್ ಎಂಬ ಮೆಲುದನಿಯ ಗಾಯಕಿಯ ಹಾಡು ಆಸ್ಟಿನ್ ನಗರದ ಸಂಗೀತ ಕಛೇರಿಯೊಂದರಲ್ಲಿ ಜನರ ಮಾತಿನ ಗದ್ದಲದಲ್ಲಿ ಕೇಳಿಸದೆ ಹೋದಾಗ, ರೇಡಿಯೋದ ಬಾಬ್ ಬಾಯ್ಲನ್ ಮತ್ತು ಅವರ ಸಹೋದ್ಯೋಗಿ, ನಮ್ಮ ಆಫೀಸಿನ ಮೇಜಿನ ಬಳಿಯೇ ಬಂದು ಹಾಡಬಾರದೇಕೆ ಎಂದರು. ಆ ಸರಣಿಯ ಮೊದಲ ಕಛೇರಿ ಆಕೆಯದೇ. ಗೆಳೆಯರಿಗೆ ಅದರ ವಿಡಿಯೋಗಳನ್ನೇ ಮೊದಲು ತೋರಿಸುವುದು ಲೇಸು. ಹಾಡುವವರ ಮುಖ ಕಾಣುವಾಗ ಇಂಗ್ಲಿಷ್ ಸಾಹಿತ್ಯ ಅರ್ಧ ತಿಳಿದರೂ ನಡೆಯುತ್ತದೆ.

ಕನ್ನಡದ ಮಟ್ಟಿಗೆ ಹೇಳುವುದಾದರೆ, ರಘು ದೀಕ್ಷಿತ್ ಅವರ 2008ರ ಆಲ್ಬಂ ಮತ್ತು ಸ್ವರಾತ್ಮ ತಂಡದ 2009ರ ಆಲ್ಬಂಗಳಿಂದ ಆರಂಭಿಸಬಹುದು. ಆದರೆ ಅವು ವೇದಿಕೆಯ ಮುಂದೆ ನಿಂತು ಕುಣಿಯಬೇಕಾದ ಸಂಗೀತ. ತಾವು ಕೇಳುತ್ತಿರುವ ಏಕಾಂತ ಅವುಗಳಲ್ಲಿ ಕಡಿಮೆ.

ಸಗರನಾಡು (ಯಾದಗಿರಿ ಜಿಲ್ಲೆ):

ತಾವು ಇಷ್ಟು ದೂರದ ಹೆಸರುಗಳನ್ನು ಹಿಡಿದು ಹೋಗುವವರಾದರೆ ಜೇವರ್ಗಿ, ಸುರಪುರ, ಶಹಾಪುರ ಸೀಮೆಯ ತತ್ವಪದಗಳನ್ನು ಬಿಡುವ ಹಾಗಿಲ್ಲ. ಇಲ್ಲಿನ ಮಠಗಳಲ್ಲಿ ಅಮಾವಾಸ್ಯೆಯ ರಾತ್ರಿ ನಡೆಯುವ ಭಜನೆಗೆ ಒಮ್ಮೆ ಹೋಗಿ ಕುಳಿತುಕೊಳ್ಳಿ. ಏಕತಾರಿ ಹಿಡಿದವರು ತೋರುಬೆರಳಿನಿಂದ ಒಂದೇ ತಂತಿಯನ್ನು ಬಿಡದೆ ಮೀಟುತ್ತಿರುತ್ತಾರೆ, ದಮ್ಮಡಿ ಎಂಬ ಚರ್ಮವಾದ್ಯ ಮತ್ತು ತಾಳ ಅದಕ್ಕೆ ಜೊತೆಗೂಡುತ್ತವೆ. ಪಲ್ಲವಿಯನ್ನು ಮುಂದಾಳು ಎತ್ತಿಕೊಟ್ಟ ಮೇಲೆ ಹಿಮ್ಮೇಳದವರು ಹಿಡಿಯುತ್ತಾರೆ. ದಾಖಲಾದ ಸದ್ದಿನಲ್ಲಿ ಆ ಒಂಟಿ ತಂತಿಯೇ ಮೊದಲು ಕಳೆದುಹೋಗುವುದರಿಂದ ಎದುರಿಗೆ ಕುಳಿತು ಕೇಳುವುದು ಒಳ್ಳೆಯದು.

ಬೀದರಿನವರು ಹೇಳಿದ ಹೆಸರು ಹಿಡಿದು ಹೋಗುವ ಕ್ರಮ ಇಲ್ಲಿಯೂ ನಡೆಯುತ್ತದೆ. ಪದದ ಕೊನೆಯ ನುಡಿಯಲ್ಲಿ ಅಂಕಿತವಿರುತ್ತದೆ, ಅಂಕಿತದ ಹಿಂದೆ ಗುರುವಿರುತ್ತಾನೆ. ಕಡಕೋಳ ಮಡಿವಾಳಪ್ಪನವರ ಪದಗಳನ್ನು ಕೇಳಿದವರು ಅವರ ಶಿಷ್ಯರಾದ ಚೆನ್ನೂರ ಜಲಾಲಸಾಹೇಬರು, ಖೈನೂರು ಕೃಷ್ಣಪ್ಪನವರು ಇವರ ಪದಗಳತ್ತ ತಾವಾಗಿಯೇ ಬರುತ್ತಾರೆ. ಮೊಹರಂ ಹೊತ್ತಿಗೆ ಇದೇ ಸೀಮೆಯ ಹಳ್ಳಿಗಳಲ್ಲಿ ರಿವಾಯತ್ ಪದಗಳನ್ನು ಹಿಂದೂಗಳೂ ಮುಸಲ್ಮಾನರೂ ಕೂಡಿ ಹಾಡುವುದನ್ನು ಕೇಳಬಹುದು.

ಬಿದರಿ ಕುಸುರಿ (ಬೀದರ್):

ಸಗರನಾಡು ಅವರ ಸಲಹೆಯನ್ನು ಒಪ್ಪುತ್ತೇನೆ, ಒಂದು ತಕರಾರಿನೊಂದಿಗೆ. ತತ್ವಪದವನ್ನು ‘ನಮ್ಮ ಇಂಡೀ ಫೋಕ್’ ಎಂದು ಕರೆಯುವ ಚಾಳಿ ಈಚೆಗೆ ಹೆಚ್ಚಾಗಿದೆ, ಅದು ನನಗೆ ಸರಿ ಕಾಣುವುದಿಲ್ಲ. ಬಾನ್ ಐವರ್ ಹಾಡಿನಲ್ಲಿ ಒಬ್ಬನ ನೋವು ಅವನದಾಗಿಯೇ ಉಳಿಯುತ್ತದೆ, ನಾವು ಹೊರಗೆ ನಿಂತು ಕೇಳಿಸಿಕೊಳ್ಳುತ್ತೇವೆ. ಭಜನೆಯಲ್ಲಿ ಹಾಡುವವರಿಗೂ ಕೇಳುವವರಿಗೂ ನಡುವೆ ಅಂತಹ ಗೋಡೆಯಿಲ್ಲ; ಎರಡನೆಯ ಪದಕ್ಕೆ ನಿಮ್ಮ ಕೈಗೂ ತಾಳ ಬರುತ್ತದೆ. ಎರಡನ್ನೂ ಕೇಳೋಣ, ಆದರೆ ಒಂದರ ಅಳತೆಗೋಲಿನಿಂದ ಇನ್ನೊಂದನ್ನು ಅಳೆಯುವುದು ಬೇಡ.

ಸಗರನಾಡು (ಯಾದಗಿರಿ ಜಿಲ್ಲೆ):

ತಕರಾರು ನ್ಯಾಯವಾದದ್ದು. ಹಂಚಿಕೊಳ್ಳುವವರಿಗೆ ಒಂದು ಮಾತು ಸೇರಿಸುತ್ತೇನೆ. ಭಜನೆಯನ್ನು ಮೊಬೈಲಿನಲ್ಲಿ ಮುದ್ರಿಸುವುದಾದರೆ ಮೊದಲು ಮೇಳದ ಹಿರಿಯರನ್ನು ಕೇಳಿ. ಯೂಟ್ಯೂಬಿಗೆ ಏರಿಸುವಾಗ ‘ಸೂಪರ್ ಜಾನಪದ ಗೀತೆ’ ಎಂದು ಬರೆದು ಕೈತೊಳೆದುಕೊಳ್ಳದೆ, ಪದ ಯಾರದು, ಹಾಡಿದ ಮೇಳ ಯಾವ ಊರಿನದು ಎಂಬುದನ್ನು ಕೆಳಗೆ ನಮೂದಿಸಿ. ವಿಡಿಯೋ ಉದ್ದವಾಯಿತೆಂದು ಕೊನೆಯ ನುಡಿಯನ್ನು ಕತ್ತರಿಸಿದ ಪದಗಳು ಈಗಾಗಲೇ ಸಾಕಷ್ಟು ಓಡಾಡುತ್ತಿವೆ. ಅಂಕಿತವೇ ಇಲ್ಲದ ಅವುಗಳನ್ನು ಕೇಳಿದವರು ಮುಂದೆ ಯಾರನ್ನು ಹುಡುಕಬೇಕು?

ತೊಗರಿನಾಡು (ಕಲಬುರಗಿ):

ಎಲ್ಲರಿಗೂ ಧನ್ಯವಾದಗಳು. ಪಿಯಾನೋದ ಪ್ರಶ್ನೆಯನ್ನು ಗುಂಪಿಗೆ ಹಾಕಿದ್ದೇನೆ. ಇಬ್ಬರು ಉತ್ತರಿಸಿದ್ದಾರೆ, ಅವರಲ್ಲಿ ಒಬ್ಬರದು ತಪ್ಪು. ಬರುವ ಅಮಾವಾಸ್ಯೆಗೆ ಹೊಸಬರು ಬಂದು ಕುಳಿತರೆ ಅಡ್ಡಿಯಿಲ್ಲದ ಮಠ ಯಾವುದೆಂದು ಸಗರನಾಡು ಅವರು ತಿಳಿಸಿದರೆ ನಾವು ಮೂರು ಜನ ಬರಲು ಸಿದ್ಧರಿದ್ದೇವೆ.